ಕಸ್ತೂರಿಯ ಮೊಣಕಾಲು

ಹೊಳೆ ಮಗ್ಗುಲು ಬದಲಿಸಿದ ನೂರಾ ನಲವತ್ತೊಂದನೆಯ ವರ್ಷ,
ಜೋಳದ ತಿಂಗಳ ಮೂರನೆಯ ಬಿಡುವಾರ.

‘ಹುಟ್ಟು ಹಿಡಿದ ಹುಡುಗಿ’ ಎಂಬ ಪುಸ್ತಕ ಬರೆದವರಿಗೆ, ದಾಟುಗಟ್ಟೆಯ ಒರೆಮನೆಯಿಂದ ಫಕೀರವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಿಮ್ಮ ವಾರಕ್ಕೆ ಏಳೇ ದಿನಗಳಿದ್ದವು ಎಂಬುದು ನನಗೆ ಗೊತ್ತು. ನಮ್ಮ ವಾರಕ್ಕೆ ಎಂಟು. ಎಂಟನೆಯದು ಬಿಡುವಾರ, ಅಂದು ಯಾರೂ ಯಾರಿಗೂ ಕೆಲಸ ಹೇಳುವಂತಿಲ್ಲ, ಹೇಳಿದರೆ ಹೇಳಿದವರೇ ಅದನ್ನು ಮಾಡಬೇಕು. ಈ ಕಾಗದ ಬರೆಯಲು ನನಗೆ ಇವತ್ತು ಯಾರೂ ಹೇಳಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದವರು ಬರೆದದ್ದನ್ನೆಲ್ಲ ಬೆಳಕಿನ ಹಲಗೆಗಳಲ್ಲಿ ತುಂಬಿಟ್ಟರು. ಹಲಗೆಗಳು ಒಂದೊಂದಾಗಿ ಕಪ್ಪಾದವು. ಶಾಲೆಗಳ ಕಬ್ಬಿಣದ ಟ್ರಂಕುಗಳಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ ಕಾಗದ ಮಾತ್ರ ಉಳಿಯಿತು. ನಮ್ಮ ಹೊಳೆಸಾಲಿನಲ್ಲಿ ಹಾಗೆ ಉಳಿದಿರುವ ಪುಸ್ತಕಗಳು ನಲವತ್ತೊಂದು. ಅವುಗಳಲ್ಲಿ ಹದಿಮೂರು ಗಣಿತದ ಗೈಡುಗಳು, ಎರಡು ಅಡುಗೆ ಪುಸ್ತಕಗಳು, ಒಂದು ಯಾರದೋ ಮದುವೆಯ ಆಲ್ಬಮ್ಮು. ಅದನ್ನೂ ಪುಸ್ತಕವೆಂದೇ ಎಣಿಸಿದ್ದೇವೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಇವುಗಳಿಂದ. ಆದ್ದರಿಂದ ನನ್ನ ವಾಕ್ಯ ಎಲ್ಲಾದರೂ ಲೆಕ್ಕ ಬಿಡಿಸಿದ ಹಾಗೆ ಅಥವಾ ಒಗ್ಗರಣೆ ಹಾಕಿದ ಹಾಗೆ ಕಂಡರೆ ಅದು ನನ್ನ ತಪ್ಪಲ್ಲ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಪುಸ್ತಕದ ರಟ್ಟನ್ನೂ ಮೊದಲೆರಡು ಹಾಳೆಗಳನ್ನೂ ಗೆದ್ದಲು ತಿಂದಿದೆ. ಪುಸ್ತಕದ ಹೆಸರು ಪ್ರತಿ ಪುಟದ ನೆತ್ತಿಯ ಮೇಲೆ ಅಚ್ಚಾಗಿರುವುದರಿಂದ ಉಳಿಯಿತು. ಹೆಸರು ಹಿಡಿದು ಬೈಯುವ ಸುಖವನ್ನೂ ಗೆದ್ದಲು ನನಗೆ ಬಿಟ್ಟಿಲ್ಲ.

ನೀವು ತುಂಗಭದ್ರೆ ಎನ್ನುತ್ತಿದ್ದ ನದಿಗೆ ನಾವು ಬರೀ ಹೊಳೆ ಎನ್ನುತ್ತೇವೆ. ನಮ್ಮ ಮುತ್ತಜ್ಜಿಯರ ಕಾಲದಲ್ಲಿ, ಒಂದು ಮಳೆಗಾಲ, ಅದು ಮಲಗಿದಲ್ಲೇ ಮಗ್ಗುಲು ಬದಲಿಸಿತು. ನಿಮ್ಮ ಉದ್ದನೆಯ ಸೇತುವೆಗಳು ಇವತ್ತಿಗೂ ನಿಂತಿವೆ; ಕೆಳಗೆ ನೀರಿಲ್ಲ, ಸಜ್ಜೆ ಬೆಳೆಯುತ್ತದೆ. ಮೇಲೆ ನಾವು ಮೆಣಸಿನಕಾಯಿ ಒಣಗಿಸುತ್ತೇವೆ. ಹೊಳೆ ಈಗ ಹರಿಯುವ ಕಡೆ ಸೇತುವೆ ಕಟ್ಟೋಣವೆಂದರೆ ಕಬ್ಬಿಣವಿಲ್ಲ, ಕಟ್ಟಿದ ಮೇಲೆ ಹೊಳೆ ಅಲ್ಲೇ ಇದ್ದೀತು ಎಂಬ ಭರವಸೆಯೂ ಇಲ್ಲ. ಆಚೆ ದಡಕ್ಕೆ ಹೋಗಲು ಹರಿಗೋಲೇ ಗತಿ. ಅದು ನಿಲ್ಲುವ ಜಾಗಕ್ಕೆ ದಾಟುಗಟ್ಟೆ ಎನ್ನುತ್ತೇವೆ, ಊರಿಗೂ ಅದೇ ಹೆಸರು. ಆಸ್ಪತ್ರೆ, ಉಪ್ಪು, ಬೀಗರು ಆಚೆ ದಡದಲ್ಲಿ; ಜೋಳ, ಕಮ್ಮಾರ, ಜಗಳ ಈಚೆ ದಡದಲ್ಲಿ. ಹರಿಗೋಲಿನ ಹುಟ್ಟು ಯಾರ ಕೈಯಲ್ಲಿದೆಯೋ ಅವರ ಮಾತಿಗೆ ನಮ್ಮಲ್ಲಿ ತೂಕ ಹೆಚ್ಚು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ನಮಗೆ ಮುಚ್ಚುಹೊತ್ತು. ಆ ಬಿಸಿಲಿನಲ್ಲಿ ನಾಯಿ ಕೂಡ ಹೊರಗೆ ಕಾಲಿಡುವುದಿಲ್ಲ. ನಿಮಗಿಂತಲೂ ಹಿಂದಿನವರು ಜೋಳ ತುಂಬಿಡಲು ಹಗೇವು ತೋಡುತ್ತಿದ್ದರಂತಲ್ಲ, ಅಂಥ ನೆಲದೊಳಗಿನ ಕೋಣೆಗಳಿಗೆ ಊರಿಗೆ ಊರೇ ಇಳಿದುಬಿಡುತ್ತದೆ. ಆರು ತಾಸು ಕತ್ತಲೆಯಲ್ಲಿ ಕೂತು ಮಾಡುವುದೇನು? ನೂಲುತ್ತೇವೆ, ತೂಕಡಿಸುತ್ತೇವೆ, ಒಂದು ದೀಪ ಹಚ್ಚಿಕೊಂಡು ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ನಲವತ್ತೊಂದು ಪುಸ್ತಕಗಳನ್ನು ನೂರು ಸಲ ಕೇಳಿದ ಮೇಲೆ ಏನಾಗುತ್ತದೆ ಎಂದು ನೀವು ಊಹಿಸಲಾರಿರಿ. ನಮ್ಮ ಮಕ್ಕಳು ಹದಿನೇಳರ ಮಗ್ಗಿಗಿಂತ ಮೊದಲು ಆ ಆಲ್ಬಮ್ಮಿನ ಮದುಮಗಳ ಅತ್ತೆಯ ಸಿಡುಕು ಮುಖವನ್ನು ಅನುಕರಿಸಲು ಕಲಿಯುತ್ತಾರೆ.

ಹೀಗೆ ಪುಸ್ತಕವೇ ಊಟಕ್ಕೆ ಉಪ್ಪಾದ ಊರಿನಲ್ಲಿ ಅದಕ್ಕೊಬ್ಬ ಕಾವಲುಗಾರ ಬೇಕಾಗುತ್ತದೆ. ಅದಕ್ಕೆ ಒರೆಮನೆ. ಅಕ್ಕಸಾಲಿ ಚಿನ್ನವನ್ನು ಕಲ್ಲಿಗೆ ಉಜ್ಜಿ ನೋಡಿದ ಹಾಗೆ ನಾವು ಮಾತನ್ನು ಉಜ್ಜಿ ನೋಡುತ್ತೇವೆ. ನಡೆದದ್ದು ಎಂದು ಬೇರೆ ಸಾಕ್ಷಿಯಿಂದ ಗೊತ್ತಾದರೆ ಆ ಸಾಲಿನ ಕೆಳಗೆ ಅರಿಶಿನದ ಗೆರೆ. ಬರೆದವರು ಕಟ್ಟಿದ್ದು ಎಂದು ಗೊತ್ತಾದರೆ ನೀಲಿ ಗೆರೆ. ಗೊತ್ತಾಗದಿದ್ದರೆ ಬರಿದು ಬಿಡುತ್ತೇವೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದು ನಮ್ಮ ಬಾಗಿಲ ಮೇಲೆ ಕೆತ್ತಿದೆ. ಇಪ್ಪತ್ತೆರಡು ವರ್ಷದಿಂದ ನಾನು ಇಲ್ಲಿನ ಒರೆಗಾರ್ತಿ. ಅನುಮಾನ ನನಗೆ ಹುಟ್ಟುಗುಣವೋ ಉದ್ಯೋಗದಿಂದ ಅಂಟಿದ್ದೋ ಹೇಳಲಾರೆ. ಯಾರಾದರೂ ಸಾರು ಚೆನ್ನಾಗಿದೆ ಎಂದರೂ ನನಗೆ ಅವರಿಗೇನೋ ಬೇಕಾಗಿದೆ ಎನಿಸುತ್ತದೆ. ಆದರೆ ನಾನು ಕಥೆಯ ವೈರಿಯಲ್ಲ. ಮಕ್ಕಳ ಕೈಗೆ ಗೆರೆ ಎಳೆದ ಪುಸ್ತಕ ಕೊಟ್ಟರೆ ಅವರು ಮೊದಲು ಓದುವುದು ನೀಲಿ ಸಾಲುಗಳನ್ನೇ, ಅದು ನನಗೂ ಗೊತ್ತು. ನಾನೂ ಹಾಗೇ ಓದಿದವಳು.

ಒರೆಮನೆಗೆ ಒಂದು ಕಟ್ಟುಪಾಡಿದೆ. ಯಾರ ಮೇಲೆ ಅನುಮಾನ ಪಟ್ಟೆವೋ ಅವರಿಗೆ ಅದನ್ನು ಮುಖಕ್ಕೆ ಮುಖ ಹೇಳಬೇಕು. ಬೆನ್ನ ಹಿಂದೆ ಅನುಮಾನಿಸಿದರೆ ಅದು ಚಾಡಿ. ಸತ್ತು ಇನ್ನೂರು ವರ್ಷವಾದವರ ಮುಖಕ್ಕೆ ಹೇಗೆ ಹೇಳುವುದು? ಅದಕ್ಕೆ ಹಿಂದೋಲೆ ಬರೆಯುತ್ತೇವೆ, ಹಿಂದಿನವರಿಗೆ ಬರೆಯುವ ಓಲೆ. ಅದನ್ನು ಗಡಿಗೆಯಲ್ಲಿಟ್ಟು ಬಾಯಿಗೆ ಮಣ್ಣು ಮೆತ್ತಿ, ಒಣಗಿದ ಹಳೆಯ ಹೊಳೆಪಾತ್ರದಲ್ಲಿ, ಸೇತುವೆಯ ಮೂರನೆಯ ಕಂಬದ ಬುಡಕ್ಕೆ ಹೂಳುತ್ತೇವೆ. ನೀರಿಲ್ಲದ ಹೊಳೆ ಹಿಂದಕ್ಕೆ ಹರಿಯುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ನಾನು ನಂಬುವುದಿಲ್ಲ. ನಿಯಮವಿದೆ, ಬರೆಯುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಪುಸ್ತಕ ನಮಗೆ ಸಿಕ್ಕಿದ್ದು ನಲವತ್ತು ವರ್ಷದ ಹಿಂದೆ, ಕುಸಿದ ಶಾಲೆಯೊಂದರ ಟ್ರಂಕಿನಲ್ಲಿ. ಆಗ ನನಗೆ ಆರು, ನಮ್ಮಕ್ಕ ಹುಲಿಗೆವ್ವನಿಗೆ ಹನ್ನೆರಡು. ಮುಚ್ಚುಹೊತ್ತಿನಲ್ಲಿ ಅದನ್ನು ಮೊದಲ ಸಲ ಓದಿದ ದಿನ ಯಾರೂ ತೂಕಡಿಸಲಿಲ್ಲ. ನಿಮ್ಮ ಕಾಲಕ್ಕೂ ನೂರಿಪ್ಪತ್ತು ವರ್ಷ ಹಿಂದೆ ಈ ಸೀಮೆಗೆ ಪ್ಲೇಗು ಬಂದದ್ದು, ಜನ ಮನೆ ಬಿಟ್ಟು ಹೊಳೆಯಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡದ್ದು, ರೋಗ ದಾಟಬಾರದೆಂದು ಸರಕಾರದವರು ಹರಿಗೋಲು ನಿಲ್ಲಿಸಿ ಎರಡೂ ದಡಕ್ಕೆ ಕಾವಲು ಹಾಕಿದ್ದು, ಆಗ ಹನ್ನೆರಡು ವರ್ಷದ ಕಸ್ತೂರಿ ಎಂಬ ಹುಡುಗಿ ಕಾಲ್ಗೆಜ್ಜೆ ಬಿಚ್ಚಿಟ್ಟು, ಹೆಗಲ ಮೇಲೊಂದು ಗಿಣಿ ಕೂರಿಸಿಕೊಂಡು, ನಲವತ್ತು ದಿನ ಕಾವಲು ತಪ್ಪಿಸಿ, ತಾನೇ ಹರಿಗೋಲಿಗೆ ಹುಟ್ಟು ಹಾಕಿ ಗುಡಿಸಲಿನವರಿಗೆ ರೊಟ್ಟಿ ಮದ್ದು ಮುಟ್ಟಿಸಿದ್ದು. ನಾನು ಆ ಗಿಣಿಗಾಗಿ ಅತ್ತೆ. ಅಕ್ಕ ಅಳಲಿಲ್ಲ. ಮರುದಿನ ಮುಂಜಾನೆ ಹೋಗಿ ಹರಿಗೋಲಿನಲ್ಲಿ ಕೂತುಬಿಟ್ಟಳು.

ಆಗ ಹುಟ್ಟು ಗಂಡಸರದು. ಹೆಣ್ಣು ಮುಟ್ಟಿದರೆ ಹೊಳೆ ಮುನಿಯುತ್ತದೆ ಎಂಬ ಮಾತಿತ್ತು. ಎದ್ದೇಳು ಎಂದು ಗದರಿದವರಿಗೆ ಅಕ್ಕ ಹೇಳಿದ್ದು ಒಂದೇ ಮಾತು: “ಪುಸ್ತಕದಾಗ ಐತಿ. ಬೇಕಾರ ಹೋಗಿ ಕೇಳ್ರಿ.” ಅವರು ಹೋಗಿ ಕೇಳಿದರು. ಇತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಆಗಿನ ಒರೆಗಾರರೂ ನಿಮ್ಮ ಪುಸ್ತಕವನ್ನು ಉಜ್ಜಿ ನೋಡದೆ ಇಡೀ ಅರಿಶಿನ ಬಳಿದುಬಿಟ್ಟಿದ್ದರು. ಪ್ಲೇಗು ನಿಜ, ಕಾವಲು ನಿಜ, ಹಾಗಾದರೆ ಹುಡುಗಿಯೂ ನಿಜ ಎಂಬುದು ಅವರ ಲೆಕ್ಕ. ಎರಡು ವರ್ಷದೊಳಗೆ ಕಟ್ಟೆಕೂಟದಲ್ಲಿ, ಅಂದರೆ ಊರಿನವರು ಕೂತು ತೀರ್ಮಾನ ಮಾಡುವ ಸಭೆಯಲ್ಲಿ, ಹುಟ್ಟು ಹೆಣ್ಣುಮಕ್ಕಳದು ಎಂದು ನಿಶ್ಚಯವಾಯಿತು. ಅಕ್ಕ ಅಂದಿನಿಂದ ಹೊಳೆ ದಾಟಿಸುತ್ತಿದ್ದಾಳೆ. ಮದುವೆಯ ದಿಬ್ಬಣ, ಹೆಣ, ಹೆರಿಗೆನೋವಿನವರು, ಒಮ್ಮೆ ಕಟ್ಟಿಹಾಕಿದ ಹೋರಿ, ಎಲ್ಲವನ್ನೂ ದಾಟಿಸಿದ್ದಾಳೆ. ನೆರೆ ಬಂದ ವರ್ಷ ನೀರಿನ ಬಣ್ಣ ನೋಡಿ ಎಲ್ಲಿ ಸುಳಿ ಇದೆ ಎಂದು ಹೇಳಿದವಳು ಅವಳೊಬ್ಬಳೇ. ಇದಕ್ಕಾಗಿ ನಾನು ನಿಮಗೆ ಋಣಿಯಾಗಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮರೆತೇನು.

ಈಗ ಅಕ್ಕನಿಗೆ ಐವತ್ತೆರಡು. ಕಳೆದ ಬೇಸಿಗೆಯಲ್ಲಿ ಕಟ್ಟೆಕೂಟದ ಹಿರಿಯರಾದ ಚನ್ನವೀರಪ್ಪನವರು ನಿಮ್ಮ ಪುಸ್ತಕದ ಮೂವತ್ತೇಳನೆಯ ಪುಟ ತೆರೆದು ಸಭೆಯಲ್ಲಿ ಓದಿದರು: ‘ಎಳೆಯ ಕೈಗೇ ಹೊಳೆ ಒಲಿಯುತ್ತದೆ.’ ಓದಿ, ಪುಸ್ತಕ ಮಡಚಿ, ಹೇಳಿದರು: “ಹುಲಿಗೆವ್ವನ ಮ್ಯಾಲೆ ನಂದೇನೂ ಸಿಟ್ಟಿಲ್ಲ. ಆದ್ರ ಪುಸ್ತಕದಾಗ ಎಳೀ ಕೈ ಅಂತ ಐತಿ. ಹನ್ನೆರಡಕ್ಕ ಹಿಡೀಬೇಕು, ಮೂವತ್ತಕ್ಕ ಇಳಿಸಬೇಕು.” ಅವರ ಮೊಮ್ಮಗಳಿಗೆ ಈ ವರ್ಷ ಹನ್ನೆರಡು ತುಂಬಿತು ಎಂಬುದನ್ನು ನಾನು ಸುಮ್ಮನೆ ಇಲ್ಲಿ ಬರೆದಿಡುತ್ತೇನೆ. ಸಭೆಯಲ್ಲಿದ್ದವರು ತಲೆಯಾಡಿಸಿದರು. ಹರಿಗೋಲಿನ ಆರು ಹೆಂಗಸರಲ್ಲಿ ಐವರು ಮೂವತ್ತು ದಾಟಿದವರು. ಅವರಲ್ಲಿ ನಾಲ್ವರು ಆ ದಿನವೇ ಹುಟ್ಟು ಇಳಿಸಿ ಮನೆಗೆ ಹೋದರು. ಅಕ್ಕ ಇಳಿಸಲಿಲ್ಲ. ಒರೆಮನೆಗೆ ಬಂದು, “ಫಕೀರೀ, ಆ ಸಾಲು ಉಜ್ಜಿ ನೋಡು” ಎಂದಳು.

ಆ ಸಾಲನ್ನು ನೀವು ಚೆಂದಕ್ಕೆ ಬರೆದಿರಿ ಎಂದು ನನಗೆ ಅನುಮಾನ. ಅನುಮಾನವೇನು, ಖಾತ್ರಿ. ಅಧ್ಯಾಯ ಮುಗಿಸಲು ಒಂದು ಚೆಂದದ ಮಾತು ಬೇಕಿತ್ತು, ಹೊಳೆಯ ತಂಪು ಗಾಳಿ ಬೀಸುತ್ತಿತ್ತು, ಬರೆದುಬಿಟ್ಟಿರಿ. ಹರಿಗೋಲಿನ ಹುಟ್ಟು ಒಂದು ದಿನವಾದರೂ ಹಿಡಿದವರು ಹಾಗೆ ಬರೆಯಲಾರರು. ಎಳೆಯ ಕೈಯಲ್ಲಿ ಹರಿಗೋಲು ಬುಗುರಿಯ ಹಾಗೆ ನಿಂತಲ್ಲೇ ತಿರುಗುತ್ತದೆ. ಹೊಳೆ ಒಲಿಯುವುದು ಬೊಬ್ಬೆ ಒಡೆದು ಗಟ್ಟಿಯಾದ ಕೈಗೆ. ಆದರೆ ಒರೆಮನೆಯಲ್ಲಿ ನನ್ನ ಖಾತ್ರಿಗೆ ಬೆಲೆಯಿಲ್ಲ, ಸಾಕ್ಷಿ ಬೇಕು. ಮೇಲಾಗಿ ತಂಗಿಯಾದವಳು ಅಕ್ಕನಿಗಾಗಿ ಅನುಮಾನಿಸಿದರೆ ಊರು ತಂಗಿಯನ್ನೇ ಅನುಮಾನಿಸುತ್ತದೆ. ನಾನಾದರೂ ಹಾಗೇ ಮಾಡುತ್ತಿದ್ದೆ. ಅದಕ್ಕೆ ಚನ್ನವೀರಪ್ಪನವರನ್ನೇ ಎದುರಿಗೆ ಕೂರಿಸಿಕೊಂಡೆ. ಪುಸ್ತಕವನ್ನು ಅವರು ಓದುವುದು, ನಾನು ಕೇಳುವುದು. ಅರವತ್ತೆಂಟು ವರ್ಷದ ಅವರು ದಿನವೂ ಮುಚ್ಚುಹೊತ್ತಿಗೆ ಮೊದಲೇ ಬೀಸಣಿಗೆ ಹಿಡಿದು ಒರೆಮನೆಯ ಹದಿನೇಳು ಮೆಟ್ಟಿಲು ಇಳಿದು ಬಂದರು. ಹನ್ನೊಂದು ದಿನ ಓದಿದೆವು.

ಮೊದಲು ಹಿಡಿದದ್ದು ಕೊನೆಯ ಪುಟವನ್ನು. ಅಲ್ಲಿ ನೀವು ಬರೆದಿದ್ದೀರಿ: ‘ಮಕ್ಕಳೇ, ಇದು ನಿಜವಾಗಿ ನಡೆದ ಕಥೆ. ಇದನ್ನು ನನಗೆ ಹೇಳಿದವಳು ನನ್ನ ಅಜ್ಜಿ. ನಿಮಗೆ ಇಷ್ಟವಾಗಲೆಂದು ಸಣ್ಣಪುಟ್ಟ ಬದಲಾವಣೆಗಳನ್ನು ಮಾತ್ರ ಮಾಡಿಕೊಂಡಿದ್ದೇನೆ.’ ಈ ‘ಸಣ್ಣಪುಟ್ಟ’ವನ್ನು ಓದಿದ ಕೂಡಲೇ ನನ್ನ ಮೂಗು ಚುರುಕಾಯಿತು. ಸಣ್ಣಪುಟ್ಟ ಎಂದವರ ಮನೆಯನ್ನು ಶೋಧಿಸಿದಾಗ ನನಗೆ ಯಾವತ್ತೂ ಸಣ್ಣದು ಸಿಕ್ಕಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ನೀವು ಯಾರೂ ಕೇಳುವ ಮೊದಲೇ ಮುಟ್ಟಿಕೊಂಡಿದ್ದೀರಿ. ಏನು ಬದಲಾಯಿಸಿದಿರಿ? ಗಿಣಿಯನ್ನು ಸೇರಿಸಿದಿರಿ, ಸರಿ. ಯಾವ ಗಿಣಿ ನಲವತ್ತು ದಿನ ಕಾವಲಿನವರ ಮುಂದೆ ಬಾಯಿ ಮುಚ್ಚಿಕೊಂಡು ಕೂತೀತು? ಅದಕ್ಕೆ ಮೊದಲ ದಿನವೇ ನೀಲಿ ಗೆರೆ ಎಳೆದೆ, ಚನ್ನವೀರಪ್ಪನವರೂ ನಕ್ಕು ಒಪ್ಪಿದರು. ಆದರೆ ಗಿಣಿಯೊಂದಕ್ಕೇ ಯಾರೂ ಕೊನೆಯಲ್ಲಿ ಒಂದು ಪುಟ ಸಮಾಧಾನ ಬರೆಯುವುದಿಲ್ಲ.

ಏಳನೆಯ ದಿನ ಐವತ್ತೆರಡನೆಯ ಪುಟ ಮುಗಿಯಿತು. ಚನ್ನವೀರಪ್ಪನವರು ಮನೆಗೆ ಹೊರಟರು. ಮೆಟ್ಟಿಲ ಬುಡದಲ್ಲಿ ಒಂದು ಕ್ಷಣ ನಿಂತು, ಮೊಣಕಾಲಿನ ಮೇಲೆ ಅಂಗೈ ಊರಿ, ಒಂದು ಮೆಟ್ಟಿಲಿಗೆ ಎರಡೂ ಪಾದ ಇಟ್ಟು, ಉಸಿರು ತೆಗೆದುಕೊಂಡು, ಮತ್ತೊಂದು ಮೆಟ್ಟಿಲಿಗೆ ಎರಡೂ ಪಾದ ಇಟ್ಟು ಹತ್ತತೊಡಗಿದರು. ನಾನು ನೋಡುತ್ತಿದ್ದೆ. “ಹಿರ್ಯಾರ, ವಾಪಸ್ ಬರ್ರಿ” ಎಂದು ಕೂಗಿದೆ. “ಯಾಕವಾ, ಇಷ್ಟು ಹತ್ತೀನಿ, ಮತ್ತ ಇಳಿ ಅಂತೀಯಲ್ಲ” ಎಂದು ಗೊಣಗುತ್ತ ಇಳಿದು ಬಂದರು. ಈಗಷ್ಟೇ ಓದಿದ ಪುಟವನ್ನು ಮತ್ತೆ ಓದಿಸಿದೆ. ನೀವು ಬರೆದದ್ದು ಹೀಗೆ: ‘ಕಸ್ತೂರಿ ಹೊಳೆಯ ಮೆಟ್ಟಿಲ ಬಳಿ ನಿಂತಳು. ಮೊಣಕಾಲಿನ ಮೇಲೆ ಅಂಗೈ ಊರಿ, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಇಟ್ಟು ಮೇಲೆ ಹತ್ತಿದಳು. ಬುಟ್ಟಿ ಮಾತ್ರ ಅಲುಗಲಿಲ್ಲ.’ ಚನ್ನವೀರಪ್ಪನವರು ಓದಿ ಮುಗಿಸಿ ತಮ್ಮ ಮೊಣಕಾಲನ್ನು ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು. ಯಾವ ಊರಿನ ಹನ್ನೆರಡು ವರ್ಷದ ಹುಡುಗಿ ಮೆಟ್ಟಿಲನ್ನು ಹಾಗೆ ಹತ್ತುತ್ತಾಳೆ? ನಮ್ಮ ಹುಡುಗಿಯರು ಎರಡೆರಡು ಮೆಟ್ಟಿಲು ಹಾರುತ್ತಾರೆ, ಬುಟ್ಟಿ ಅಲುಗುವುದಷ್ಟೇ ಅಲ್ಲ, ಅರ್ಧ ರೊಟ್ಟಿ ಹೊಳೆಗೆ ಬೀಳುತ್ತದೆ.

ಆಮೇಲೆ ಎಲ್ಲವೂ ಬಿಚ್ಚಿಕೊಂಡಿತು. ಅರವತ್ತೊಂದನೆಯ ಪುಟದಲ್ಲಿ ಕಾವಲಿನವನು ಕಸ್ತೂರಿಯನ್ನು ಹಿಡಿಯುತ್ತಾನೆ. ಅವಳು ನೀರಿಗೆ ಉಗಿಯುತ್ತಾಳೆ. ಕೆಂಪಾದ ಉಗುಳು ನೋಡಿ, ರಕ್ತ ಕಾರುತ್ತಿದ್ದಾಳೆ, ಇವಳಿಗೆ ಪ್ಲೇಗು ಎಂದು ಅವನು ಬಿದ್ದಂಬೀಳ ಓಡುತ್ತಾನೆ. ಮಕ್ಕಳು ಇಲ್ಲಿ ನಕ್ಕು ನಕ್ಕು ಉರುಳುತ್ತಾರೆ, ನಾನೂ ಉರುಳಿದವಳೇ. ಉಗುಳು ಯಾಕೆ ಕೆಂಪಗಿತ್ತು? ನೇರಳೆ ಹಣ್ಣು ತಿಂದಿದ್ದಳು ಎಂದು ನೀವು ಬರೆದಿದ್ದೀರಿ. ಆದರೆ ಅದೇ ಅಧ್ಯಾಯದಲ್ಲಿ ಅವಳ ಬುಟ್ಟಿಯಲ್ಲಿ ಸಂಕ್ರಾಂತಿಯ ಸಜ್ಜೆ ರೊಟ್ಟಿ ಇದೆ, ಎಳ್ಳು ಹಚ್ಚಿದ್ದು. ಸಂಕ್ರಾಂತಿಗೆ ಯಾವ ಮರದಲ್ಲಿ ನೇರಳೆ ಹಣ್ಣು? ನೇರಳೆ ತಿಂದ ಬಾಯಿ ಕೆಂಪಾಗುತ್ತದೆಯೋ ಊದಾ ಆಗುತ್ತದೆಯೋ, ನಿಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಲೆಯಡಿಕೆ ಎಂದು ಬರೆಯಲು ಕೈ ಬರಲಿಲ್ಲ, ಯಾಕೆಂದರೆ ಮಕ್ಕಳ ಪುಸ್ತಕದ ಹುಡುಗಿ ಎಲೆಯಡಿಕೆ ಹಾಕುವಂತಿಲ್ಲ. ಆ ಉಗುಳನ್ನು ಬಿಡಲೂ ಮನಸ್ಸಾಗಲಿಲ್ಲ, ಯಾಕೆಂದರೆ ಅದು ನಡೆದದ್ದು, ಅಂಥದ್ದನ್ನು ಕೂತು ಕಟ್ಟಲು ಆಗುವುದಿಲ್ಲ.

ಕೊನೆಗೆ ಎಪ್ಪತ್ತನಾಲ್ಕನೆಯ ಪುಟ. ಇನ್ನೊಬ್ಬ ಕಾವಲಿನವನು ಕಸ್ತೂರಿಯನ್ನು ನೋಡಿ ತಲೆ ತಗ್ಗಿಸಿ ದಾರಿ ಬಿಡುತ್ತಾನೆ. ‘ಅವನನ್ನು ತಾಯ ಹೊಟ್ಟೆಯಿಂದ ಎತ್ತಿಕೊಂಡವಳು ಕಸ್ತೂರಿಯ ಅಜ್ಜಿ’ ಎಂದು ನೀವು ಕಾರಣ ಕೊಡುತ್ತೀರಿ. ಚನ್ನವೀರಪ್ಪನವರೇ ಇಲ್ಲಿ ಬೀಸಣಿಗೆ ನಿಲ್ಲಿಸಿ ಕೇಳಿದರು: “ಈ ಅಜ್ಜಿ ಎಲ್ಲಿಂದ ಬಂದ್ಲಬೇ? ಇಷ್ಟೊತ್ತನಕ ಇರ್ಲಿಲ್ಲಲ್ಲ.” ಇಬ್ಬರೂ ಕೂತು ಮೊದಲಿನಿಂದ ಹುಡುಕಿದೆವು. ಕಸ್ತೂರಿಗೆ ಅಪ್ಪನಿದ್ದಾನೆ, ತಮ್ಮನಿದ್ದಾನೆ, ಗಿಣಿಯೂ ಇದೆ. ಅಜ್ಜಿಗೆ ಆ ಮನೆಯಲ್ಲಿ ಚಾಪೆಯಿಲ್ಲ, ತಟ್ಟೆಯಿಲ್ಲ, ಒಂದು ಮಾತಿಲ್ಲ, ಸಾವು ಕೂಡ ಇಲ್ಲ. ಒಂದೇ ಒಂದು ಸಾಲಿಗೆ ಬಂದು ಸೂಲಗಿತ್ತಿಯಾಗಿ ಹೋಗಿದ್ದಾಳೆ. ಉಳಿದ ಪುಸ್ತಕವಿಡೀ ಆ ಮುದುಕಿ ಎಲ್ಲಿದ್ದಳು? ಹರಿಗೋಲಿನಲ್ಲಿದ್ದಳು. ಹುಟ್ಟು ಅವಳ ಕೈಯಲ್ಲಿತ್ತು. ಸೊಂಟದಲ್ಲಿ ಸುಣ್ಣದ ಡಬ್ಬಿ, ಬಾಯಲ್ಲಿ ಎಲೆಯಡಿಕೆ, ಮೊಣಕಾಲಲ್ಲಿ ನೋವು. ಆ ಊರಿನ ಅರ್ಧ ಜನರನ್ನು ಹುಟ್ಟಿಸಿದವಳು, ಅವರು ಸಾಯಬಾರದೆಂದು ರೊಟ್ಟಿ ಒಯ್ದಳು. ನೀವು ಅವಳ ವಯಸ್ಸು ಕಿತ್ತಿರಿ, ಬಾಯಿಂದ ಎಲೆಯಡಿಕೆ ಕಿತ್ತಿರಿ, ಕಾಲಿಗೆ ಗೆಜ್ಜೆ ಕಟ್ಟಿದಿರಿ, ಹೆಗಲಿಗೆ ಗಿಣಿ ಕೂರಿಸಿದಿರಿ, ಹೆಸರು ಬದಲಿಸಿದಿರಿ. ಮೊಣಕಾಲು ಬದಲಿಸುವುದನ್ನು ಮಾತ್ರ ಮರೆತಿರಿ.

ಯಾಕೆ ಹಾಗೆ ಮಾಡಿದಿರಿ ಎಂದು ಊಹಿಸಬಲ್ಲೆ. ಮಕ್ಕಳ ಕಥೆಗೆ ಮಕ್ಕಳೇ ನಾಯಕರಿರಬೇಕು, ಮುದುಕಿಯ ಕಥೆ ಯಾವ ಮಗು ಓದೀತು ಎಂದು ಯಾರೋ ಹೇಳಿರಬೇಕು, ಅಥವಾ ನೀವೇ ನಿಮಗೆ ಹೇಳಿಕೊಂಡಿರಬೇಕು. ಆದರೆ ನಿಮಗೆ ಆ ಕಥೆ ಹೇಳಿದಾಗ ನೀವು ಮಗುವಾಗಿದ್ದಿರಿ, ಹೇಳಿದವಳು ನಿಮ್ಮ ಅಜ್ಜಿ, ಕಥೆಯಲ್ಲಿದ್ದವಳು ಇನ್ನೊಬ್ಬ ಅಜ್ಜಿ. ನೀವು ಬೇಸರಪಟ್ಟಿರಾ? ಬೇಸರಪಟ್ಟಿದ್ದರೆ ಆ ಮೆಟ್ಟಿಲು ಹತ್ತುವ ರೀತಿ ಅಷ್ಟು ವರ್ಷ ನೆನಪಿರುತ್ತಿರಲಿಲ್ಲ. ನೀವು ಕಥೆ ಕಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಕಟ್ಟಲು ಯಾರ ಮನೆಯ ಕಲ್ಲು ಕಿತ್ತಿರಿ ಎಂಬುದು ನನ್ನ ತಕರಾರು. ನಿಮ್ಮ ಸಣ್ಣಪುಟ್ಟ ಬದಲಾವಣೆಯಿಂದ ಇನ್ನೂರು ವರ್ಷದ ಮೇಲೆ ನಾಲ್ಕು ಹೆಂಗಸರು ಹುಟ್ಟು ಇಳಿಸಿ ಮನೆಯಲ್ಲಿ ಕೂತಿದ್ದಾರೆ. ನನಗೆ ನಿಮ್ಮ ಮೇಲೆ ಸಿಟ್ಟಿದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಗೆದ್ದೆನೆಂದು ಬೆಲ್ಲ ಹಂಚುತ್ತಿದ್ದೆ. ಆದರೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ನಿನ್ನೆ ಕಟ್ಟೆಕೂಟದಲ್ಲಿ ನಾನು ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಚನ್ನವೀರಪ್ಪನವರು ಎದ್ದು ನಿಂತರು. “ಫಕೀರವ್ವ ಹೇಳಿದ್ದು ಖರೇ ಐತಿ. ಕಸ್ತೂರಿ ಇರ್ಲಿಲ್ಲ” ಎಂದರು. “ಆದ್ರ ಕಸ್ತೂರಿ ಇರ್ಲಿಲ್ಲ ಅಂದ್ರ, ಹೆಣ್ಮಕ್ಕಳಿಗೆ ಹುಟ್ಟು ಕೊಟ್ಟಿದ್ದು ಯಾರ ಹೆಸರಿನ ಮ್ಯಾಲೆ? ಆ ನಿಶ್ಚಯನೂ ಸುಳ್ಳಿನ ಮ್ಯಾಲೆ ನಿಂತೈತಿ. ಮುದುಕಿ ಇದ್ಲು ಅಂತ ನನಗೂ ಅನಸ್ತೈತಿ, ಆದ್ರ ಮೊಣಕಾಲು ಸಾಕ್ಷಿ ಅಲ್ಲ. ಹೆಸರು ಬೇಕು, ಇಲ್ಲಾ ಕಂಡವರ ಮಾತು ಬೇಕು. ಎರಡೂ ಇಲ್ಲ ಅಂದ್ರ ಹುಟ್ಟು ಮೊದಲಿನಂಗ ಗಂಡಸರಿಗೆ ಹೋಗ್ತೈತಿ. ನನ್ನ ಮೊಮ್ಮಗಳಿಗೂ ಇಲ್ಲ, ನಿಮ್ಮಕ್ಕಗೂ ಇಲ್ಲ.” ತಮ್ಮ ಮೊಮ್ಮಗಳ ಪಾಲನ್ನೂ ಅವರು ಹೀಗೆ ಕಳೆದದ್ದು ಕೇಳಿ ಅವರ ಮೇಲೆ ನನಗಿದ್ದ ಅನುಮಾನ ಅಲ್ಲೇ ಸತ್ತಿತು. ನನ್ನಂಥವಳಿಗೆ ಅದೂ ಒಂದು ನಷ್ಟವೇ. ಅವರು ಹೇಳಿದ್ದು ಒರೆಮನೆಯ ನಿಯಮವೇ, ನಾನೇ ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದೆ.

ಕಸ್ತೂರಿಯ ಕೆಳಗೆ ನೀಲಿ ಗೆರೆ ಇನ್ನೂ ಎಳೆದಿರಲಿಲ್ಲ. ನಾನು ಎಳೆಯುವವರೆಗೆ ಅದು ನಿಶ್ಚಯವಲ್ಲ. ಆ ಸಂಜೆ ಅಕ್ಕ ಒರೆಮನೆಗೆ ಬಂದಳು. ನಾನು ನಾಚಿಕೆ ಬಿಟ್ಟು ಹೇಳಿದೆ: ಎಳೆಯುವುದಿಲ್ಲ, ಬರಿದು ಬಿಡುತ್ತೇನೆ, ಗೊತ್ತಾಗಲಿಲ್ಲ ಎನ್ನುತ್ತೇನೆ, ಆಗ ಕೊನೆಯ ಪಕ್ಷ ಹುಟ್ಟು ಹೆಣ್ಣುಮಕ್ಕಳ ಕೈಯಲ್ಲಿ ಉಳಿಯುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸುಳ್ಳು, ಅದೂ ಒಂದು ಗೆರೆಯಷ್ಟು. ಅಕ್ಕ ತನ್ನ ಹುಟ್ಟನ್ನು ತಂದಿದ್ದಳು. ಅದನ್ನು ಗೋಡೆಗೆ ಒರಗಿಸಿ, ಮೊಣಕಾಲು ಹಿಡಿದುಕೊಂಡು ಕೂತು, “ಎಳೀ” ಎಂದಳು. “ಹನ್ನೆರಡು ವರ್ಷದಾಕಿ ಇದ್ದಾಗ ಆ ಹುಡುಗಿನ್ನ ನಂಬಿ ಹೊಳಿಗೆ ಇಳಿದೆ. ಈಗ ಆಕಿನ ಇಲ್ಲ ಅಂತ ಗೊತ್ತಾಗಿ ಮತ್ತ ಹ್ಯಾಂಗ ಇಳೀಲಿ? ಆ ಮುದುಕಿ ಇದ್ಲಲ್ಲ, ಆಕಿ ಹೆಸರು ಹುಡುಕು. ಆಕಿ ಹೆಸರ ಮ್ಯಾಲೆ ಒಂದ ದಿನ ಹಾಕಿದ್ರೂ ಸಾಕು ನನಗ.” ನಾನು ಎಳೆದೆ. ಗೆರೆ ಸೊಟ್ಟಗಾಯಿತು. ನಾನು ಎಳೆದ ಗೆರೆಗಳಲ್ಲಿ ಅದೊಂದೇ ಸೊಟ್ಟ.

ಈಗ ನನ್ನ ಕೋರಿಕೆ. ಹೋದ ತಿಂಗಳು ಆಚೆ ದಡದಲ್ಲಿ, ಪಾಳುಬಿದ್ದ ಇನ್ನೊಂದು ಶಾಲೆಯ ಅಡಿಯಲ್ಲಿ, ಮತ್ತೊಂದು ಟ್ರಂಕು ಸಿಕ್ಕಿದೆ. ಬೀಗ ತುಕ್ಕು ಹಿಡಿದಿದೆ. ಎರಡೂ ದಡದವರ ಎದುರಿಗೇ ಒಡೆಯಬೇಕೆಂಬುದು ಕಟ್ಟುಪಾಡು. ಬರುವ ಬಿಡುವಾರಕ್ಕೆ ದಿನ ಗೊತ್ತಾಗಿದೆ, ಕಟ್ಟೆಕೂಟವೂ ಅಲ್ಲಿಯವರೆಗೆ ತೀರ್ಮಾನ ತಡೆದಿದೆ. ಅದರೊಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ. ನನ್ನ ಅನುಭವದ ಪ್ರಕಾರ ಇನ್ನಷ್ಟು ಗಣಿತದ ಗೈಡು. ಆದರೆ ನಿಮ್ಮ ಪುಸ್ತಕದ ಇನ್ನೊಂದು ಪ್ರತಿ ಇರಬಾರದೆಂದೇನೂ ಇಲ್ಲ. ನೀವು ಇದನ್ನು ಓದುತ್ತಿದ್ದರೆ, ಓದುತ್ತೀರೆಂಬ ನಂಬಿಕೆ ನನಗಿಲ್ಲವಾದರೂ, ನಿಮ್ಮ ಹೊಳೆದಂಡೆಯ ಶಾಲೆಗಳಿಗೆ ಕೊಟ್ಟ ಪ್ರತಿಗಳನ್ನು ತೆಗೆಸಿ. ಕೊನೆಯ ಪುಟದ ಕೆಳಗೆ, ‘ಸಣ್ಣಪುಟ್ಟ’ ಎಂಬಲ್ಲಿ, ಪೆನ್ಸಿಲ್ಲಿನಲ್ಲಾದರೂ ಸರಿ, ಅವಳ ಹೆಸರು ಬರೆಯಿರಿ. ಬೆಳಕಿನ ಹಲಗೆಯಲ್ಲಿ ಬರೆಯಬೇಡಿ. ಕಾಗದದ ಮೇಲೆ ಬರೆಯಿರಿ.

ಹೆಸರು ಮರೆತುಹೋಗಿದ್ದರೆ ಹೊಸದೊಂದನ್ನು ಕಟ್ಟಬೇಡಿ. ನಿಮ್ಮ ಕೈ ಅದಕ್ಕೆ ತುಡಿಯುತ್ತದೆಂದು ನನಗೆ ಗೊತ್ತು. ಚೆಂದದ ಹೆಸರೊಂದು ತಾನಾಗಿ ಬಂದು ನಾಲಿಗೆಯ ಮೇಲೆ ಕೂರುತ್ತದೆ. ಕಟ್ಟಿದರೆ ನಾನು ಹಿಡಿಯುತ್ತೇನೆ. ‘ಹೆಸರು ಮರೆತಿದ್ದೇನೆ, ಆದರೆ ಅವಳು ಮುದುಕಿ, ನನ್ನ ಅಜ್ಜಿ ಅವಳನ್ನು ಕಂಡಿದ್ದಳು’ ಎಂದು ಅಷ್ಟೇ ಬರೆದರೂ ಅದು ಕಂಡವರ ಮಾತು. ಅದರ ಕೆಳಗೆ ನಾನು ಅರಿಶಿನದ ಗೆರೆ ಎಳೆಯಬಲ್ಲೆ. ಅಕ್ಕನ ಹುಟ್ಟು ಇಲ್ಲೇ, ನಾನು ಬರೆಯುತ್ತಿರುವ ಮಣೆಯ ಪಕ್ಕದಲ್ಲಿ ನಿಂತಿದೆ. ಇನ್ನೂ ಒದ್ದೆ ಆರಿಲ್ಲ.

ನಿಮಗೆ ಇನ್ನೂರು ವರ್ಷ ಸಮಯವಿದೆ. ನಮಗೆ ಎಂಟು ದಿನ.

ಫಕೀರವ್ವ,
ಒರೆಗಾರ್ತಿ, ದಾಟುಗಟ್ಟೆ